ಕೆಂಗೇರಿಯಲ್ಲಿ ಮೂಗು ಮುಚ್ಚೋರೇ ಸಂಗಮದಲ್ಲಿ ಕಾಲು ಇಳಿಸ್ತಾರೆ: ಚುಂಚಿ, ಮೇಕೆದಾಟು ಪ್ರವಾಸಕ್ಕೂ ರಾಜಾಜಿನಗರದ ಚರಂಡಿಗೂ ಏನು ನಂಟು?

ರಾಜಾಜಿನಗರ: ಭಾನುವಾರ ಬೆಳಗ್ಗೆ ಆರು ಗಂಟೆಗೆ ನವರಂಗ್ ಸುತ್ತಮುತ್ತ, ಭಾಷ್ಯಂ ವೃತ್ತದ ಕಡೆ ಟಿಟಿ ಗಾಡಿಗಳು ನಿಂತಿರೋದು ಈಗ ಮಾಮೂಲಿ ದೃಶ್ಯ. ಹಿಂದಿನ ಸೀಟಲ್ಲಿ ಚಿತ್ರಾನ್ನದ ಡಬ್ಬಿ, ನೀರಿನ ಕ್ಯಾನು, ಬೆಡ್‌ಶೀಟು. ಒಂದು ದಿನದಲ್ಲಿ ಹೋಗಿ ಬರೋಕೆ ಪಶ್ಚಿಮ ಬೆಂಗಳೂರಿನ ಜನಕ್ಕೆ ಎರಡು ದಿಕ್ಕು ಗಟ್ಟಿ. ಒಂದು, ಮಳವಳ್ಳಿ ಆಚೆಯ ಶಿವನಸಮುದ್ರ. ಗಗನಚುಕ್ಕಿ, ಭರಚುಕ್ಕಿ ನೋಡಿ, ಟೈಮ್ ಇದ್ದರೆ ತಲಕಾಡು, ಸೋಮನಾಥಪುರ. ಇನ್ನೊಂದು, ಕನಕಪುರದಿಂದ ಕೆಳಗೆ ಚುಂಚಿ ಜಲಪಾತ, ಸಂಗಮ, ಮೇಕೆದಾಟು. ಒಂದು ಕಡೆ ಜಲಪಾತ, ಇನ್ನೊಂದು ಕಡೆ ಬಂಡೆ ಸೀಳಿಕೊಂಡು ಹೋಗುವ ಕಾವೇರಿ ಕಮರಿ.

ಮೈಸೂರು ರಸ್ತೆ ಹಿಡಿದವರಿಗೆ ನಾಯಂಡಹಳ್ಳಿಯಿಂದ ಕೆಂಗೇರಿ ತನಕ ಒಂದು ಕೆಲಸ ತಪ್ಪಲ್ಲ. ಗಾಡಿಯ ಗ್ಲಾಸು ಏರಿಸೋದು. ಪಕ್ಕದಲ್ಲಿ ಹರಿಯೋ ವೃಷಭಾವತಿಯ ವಾಸನೆ ಅಂಥದ್ದು. ಮಕ್ಕಳು ಮೂಗು ಮುಚ್ಚಿಕೊಂಡು ನಗ್ತಾರೆ, ದೊಡ್ಡವರು ಸರ್ಕಾರವನ್ನ ಬೈತಾರೆ, ಐದು ನಿಮಿಷದಲ್ಲಿ ಮರೆತೂ ಹೋಗುತ್ತೆ. ಮಧ್ಯಾಹ್ನದ ಹೊತ್ತಿಗೆ ಅದೇ ಕುಟುಂಬ ಸಂಗಮದಲ್ಲಿ ಪ್ಯಾಂಟು ಮಡಚಿಕೊಂಡು ಮೊಣಕಾಲುದ್ದ ನೀರಿಗೆ ಇಳಿದಿರುತ್ತೆ. ಆ ನೀರು ಅರ್ಕಾವತಿ. ಆ ಅರ್ಕಾವತಿಯೊಳಗೆ ಬೆಳಗ್ಗೆ ಗ್ಲಾಸು ಏರಿಸಿ ದಾಟಿಕೊಂಡು ಬಂದ ವೃಷಭಾವತಿಯೂ ಇದೆ.

ಇದು ಬರೀ ಪ್ರವಾಸದ ವಿಷಯ ಆಗಿದ್ದರೆ ಇಷ್ಟಕ್ಕೇ ಬಿಡಬಹುದಿತ್ತು. ಆದರೆ 2025ರ ನವೆಂಬರ್‌ನಲ್ಲಿ ಮೇಕೆದಾಟು ಯೋಜನೆ ವಿರುದ್ಧ ತಮಿಳುನಾಡು ಹಾಕಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ ಈ ಹಂತದಲ್ಲಿ ಅಕಾಲಿಕ ಎಂದು ಇತ್ಯರ್ಥ ಮಾಡಿದ ಮೇಲೆ ಕಮರಿಯ ಮಾತು ಮತ್ತೆ ಮುನ್ನೆಲೆಗೆ ಬಂದಿದೆ. ಅಣೆಕಟ್ಟು ಬಂದರೆ ಬೆಂಗಳೂರಿಗೆ ಕುಡಿಯುವ ನೀರು ಅನ್ನೋದನ್ನ ಎಲ್ಲ ಪಕ್ಷದವರೂ ಹೇಳ್ತಾರೆ. ಆ ಅಣೆಕಟ್ಟಿನೊಳಗೆ ಬಂದು ಬೀಳೋ ನೀರು ಯಾವುದು ಅನ್ನೋದನ್ನ ಹೇಳೋರು ಕಮ್ಮಿ.

ನಲ್ಲಿ ಶುರುವಾಗೋದು ಜಲಪಾತದ ಹತ್ತಿರ

ಮೊದಲು ಮೇಲಿನ ತುದಿಯಿಂದ ನೋಡೋಣ. ಶಿವನಸಮುದ್ರದಲ್ಲಿ ಕಾವೇರಿ ಎರಡು ಕವಲಾಗಿ ಒಡೆದು, ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಕಡೆ ಗಗನಚುಕ್ಕಿಯಾಗಿ, ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿನ ಕಡೆ ಭರಚುಕ್ಕಿಯಾಗಿ ಬೀಳುತ್ತೆ. ಬೆಂಗಳೂರಿಗೆ ಈ ಜಾಗದ ಋಣ ಹಳೇದು. 1902ರಲ್ಲಿ ಇಲ್ಲಿನ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹತ್ತಿದ್ದೂ ಇದೇ ಕರೆಂಟಿನಿಂದ.

ಆಮೇಲೆ ನೀರೂ ಇಲ್ಲಿಂದಲೇ ಬಂತು. ಜಲಪಾತದ ಮೇಲ್ಭಾಗದಲ್ಲಿ ಶಿವಾ ಅಣೆಕಟ್ಟೆ ಬಳಿ ನದಿಯಿಂದ ತಿರುಗಿಸಿದ ನೀರು ನೆಟ್ಕಲ್ ಜಲಾಶಯದ ಮೂಲಕ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಗೆ ಬರುತ್ತೆ. ಪೇಪರಿನಲ್ಲಿ ಟಿ.ಕೆ.ಹಳ್ಳಿ ಅಂತ ಬರೋದು ಇದೇ ಊರು. ಅಲ್ಲಿ ಶುದ್ಧೀಕರಿಸಿ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಮಾಡಿ, ಸುಮಾರು 500 ಮೀಟರ್ ಮೇಲಕ್ಕೆ ಎತ್ತಿ, ನೂರು ಕಿಲೋಮೀಟರ್ ಹತ್ತಿರ ತಳ್ಳಿ ಬೆಂಗಳೂರಿಗೆ ಕೊಡ್ತಾರೆ. 1974ರಲ್ಲಿ ಮೊದಲ ಹಂತ. 2024ರ ಅಕ್ಟೋಬರ್ 16ರಂದು ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರ್. ಎಲ್ಲ ಹಂತ ಸೇರಿಸಿದರೆ ದಿನಕ್ಕೆ 220 ಕೋಟಿ ಲೀಟರ್ ಮೀರುವ ಸಾಮರ್ಥ್ಯ.

ರಾಜಾಜಿನಗರದಲ್ಲಿ ಬೆಳಗ್ಗೆ ಸಂಪ್ ತುಂಬಿಸಿಕೊಳ್ಳೋ ಕಾವೇರಿ ನೀರು ಅಂದರೆ, ಗಗನಚುಕ್ಕಿಗೆ ಬೀಳಬೇಕಾದ ನೀರಿನದೇ ಒಂದು ಪಾಲು. ಹಾಗಂತ ಜಲಪಾತ ಒಣಗೋಕೆ ಬೆಂಗಳೂರಿನ ನಲ್ಲಿ ಒಂದೇ ಕಾರಣ ಅಂತ ಹೇಳೋದು ತಪ್ಪು. ಅಲ್ಲಿ ನೀರು ಎಷ್ಟಿದೆ ಅನ್ನೋದು ಮುಖ್ಯವಾಗಿ ಕೆಆರ್‌ಎಸ್ ಮತ್ತು ಕಬಿನಿಯಿಂದ ಎಷ್ಟು ಬಿಡ್ತಾರೆ, ವಿದ್ಯುತ್ ಕಾಲುವೆಗೆ ಎಷ್ಟು ತಿರುಗಿಸ್ತಾರೆ ಅನ್ನೋದರ ಮೇಲೆ ನಿಂತಿದೆ. ಅದಕ್ಕೇ ಅನುಭವ ಇರೋ ಡ್ರೈವರ್‌ಗಳು ಟಿವಿಯಲ್ಲಿ ಕೆಆರ್‌ಎಸ್ ಹೊರಹರಿವು ಕೇಳಿಕೊಂಡೇ ಟ್ರಿಪ್ಪು ಒಪ್ಪಿಕೊಳ್ಳೋದು. ಜುಲೈಯಿಂದ ಅಕ್ಟೋಬರ್ ಒಳಗೆ ಹೋದರೆ ಕಣ್ತುಂಬ ನೋಡಬಹುದು. ಏಪ್ರಿಲ್‌ನಲ್ಲಿ ಹೋದರೆ ಬಂಡೆ ನೋಡಿಕೊಂಡು ಬರಬೇಕು, ಸೋಮನಾಥಪುರದ ಗುಡಿಯಾದರೂ ಸಮಾಧಾನ ಕೊಡುತ್ತೆ. 13ನೇ ಶತಮಾನದ ಹೊಯ್ಸಳ ಗುಡಿ, 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ವಿಶ್ವ ಪರಂಪರೆ ಪಟ್ಟಿಗೂ ಸೇರಿದೆ.

ಬಳಸಿದ ನೀರು ಹೋಗೋದು ಎಲ್ಲಿಗೆ?

ಮನೆಗೆ ಬಂದ ನೀರಿನಲ್ಲಿ ಸುಮಾರು ಶೇ 80ರಷ್ಟು ಕೊಳಚೆಯಾಗಿ ಹೊರಗೆ ಹೋಗುತ್ತೆ ಅಂತ ಎಂಜಿನಿಯರ್‌ಗಳು ಲೆಕ್ಕ ಹಾಕೋದು. ದಿನಕ್ಕೆ 500 ಲೀಟರ್ ಬಳಸೋ ಮನೆಯಿಂದ 400 ಲೀಟರ್ ವಾಪಸ್. ಹೊಸ ಹಂತದ 77.5 ಕೋಟಿ ಲೀಟರ್ ಪೂರ್ತಿ ಬಂದರೆ, ಹೊಸದಾಗಿ 62 ಕೋಟಿ ಲೀಟರ್ ಕೊಳಚೆ. ನಲ್ಲಿ ಉದ್ಘಾಟನೆಗೆ ಮುಖ್ಯಮಂತ್ರಿ ಬರ್ತಾರೆ. ಚರಂಡಿಗೆ ಟೇಪ್ ಕಟ್ ಮಾಡೋಕೆ ಯಾರೂ ಬರಲ್ಲ.

ಬೆಂಗಳೂರು ದಿಬ್ಬದ ಮೇಲಿರೋ ಊರು. ಪೂರ್ವಕ್ಕೆ ಬಿದ್ದ ನೀರು ಬೆಳ್ಳಂದೂರು, ವರ್ತೂರು ಕಡೆಯಿಂದ ದಕ್ಷಿಣ ಪಿನಾಕಿನಿಗೆ ಹೋಗುತ್ತೆ. ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿಗೆ. ರಾಜಾಜಿನಗರ, ಬಸವೇಶ್ವರನಗರ, ಕಾಮಾಕ್ಷಿಪಾಳ್ಯ, ವಿಜಯನಗರದ ರಾಜಕಾಲುವೆಗಳೆಲ್ಲ ಇಳಿಜಾರು ಹಿಡಿದು ಸೇರೋದು ಇದನ್ನೇ. ಬಸವನಗುಡಿಯ ಬಸವನ ಪಾದದಲ್ಲಿ ಹುಟ್ಟಿತು ಅನ್ನೋ ನಂಬಿಕೆಯ ಮೇಲೆ ವೃಷಭಾವತಿ ಅಂತ ಹೆಸರು. ಬ್ಯಾಟರಾಯನಪುರದ ಗಾಳಿ ಆಂಜನೇಯ ಗುಡಿಗೆ ಜೋರು ಮಳೆ ಬಂದಾಗ ನೀರು ನುಗ್ಗುತ್ತಲ್ಲ, ಅದು ಈ ನದಿಯ ಹಳೇ ಜಾಗ. ಹಿರಿಯರಿಗೆ ಕೇತಮಾರನಹಳ್ಳಿ ಕೆರೆ, ಕಾಮಾಕ್ಷಿಪಾಳ್ಯ ಕೆರೆ ಅನ್ನೋ ಹೆಸರು ನೆನಪಿರಬಹುದು. ಮಳೆ ನೀರು ಹಿಡಿದು, ತಿಳಿ ಮಾಡಿ, ನಿಧಾನಕ್ಕೆ ಕೆಳಗೆ ಬಿಡೋ ಕೆಲಸ ಅವು ಮಾಡ್ತಿದ್ದವು. ಕೆರೆ ಹೋಯಿತು, ಕಾಲುವೆ ಉಳೀತು.

ಕಾಲುವೆಯಲ್ಲಿ ಹರೀಬೇಕಾದ್ದು ಮಳೆ ನೀರು ಮಾತ್ರ. ಕೊಳಚೆಗೆ ಬೇರೆಯದೇ ಒಳಚರಂಡಿ ಪೈಪು ಇದೆ, ಅದು ಸಂಸ್ಕರಣಾ ಘಟಕಕ್ಕೆ ಹೋಗಬೇಕು. ಕಾಗದದ ಮೇಲೆ ಎರಡೂ ಬೇರೆ ಬೇರೆ. ರಸ್ತೆಯ ಕೆಳಗೆ ಹಾಗಿಲ್ಲ. ಒಳಚರಂಡಿಯ ದೊಡ್ಡ ಪೈಪುಗಳನ್ನ ಹಾಕಿರೋದೇ ಇಳಿಜಾರು ಸಿಗೋ ಕಾಲುವೆಯ ಪಕ್ಕದಲ್ಲಿ. ಪೈಪು ಹಳೇದಾಗಿ ಒಡೆದರೆ ಕೊಳಚೆ ನೇರ ಕಾಲುವೆಗೆ. ಎರಡು ಮಹಡಿಯ ಮನೆ ಇದ್ದ ಸೈಟಿನಲ್ಲಿ ಈಗ ಐದು ಮಹಡಿ, ಕೆಳಗೆ ನಾಲ್ಕು ಅಂಗಡಿ, ಆದರೆ ಪೈಪಿನ ಅಗಲ ಅಷ್ಟೇ. ಕಟ್ಟಿಕೊಂಡಾಗ ಪ್ಲಂಬರ್ ಹೇಳೋ ಸುಲಭದ ದಾರಿ, 'ಕಾಲುವೆಗೆ ಬಿಟ್ಬಿಡಿ ಸಾರ್'. ಮಳೆ ಬಂದಾಗ ಇದರ ಉಲ್ಟಾ ನಡೆಯುತ್ತೆ. ರಸ್ತೆಯ ನೀರು ಇಳೀಲಿ ಅಂತ ಮ್ಯಾನ್‌ಹೋಲ್ ಮುಚ್ಚಳ ಎತ್ತಿ ಮಳೆ ನೀರನ್ನ ಒಳಚರಂಡಿಗೆ ಬಿಡ್ತಾರೆ. ಪೈಪು ತುಂಬಿ ಮುಂದಿನ ಬೀದಿಯ ಮನೆಯ ಬಚ್ಚಲಲ್ಲಿ ಉಕ್ಕುತ್ತೆ. ಹೋಟೆಲು, ಬೇಕರಿಯವರು ಎಣ್ಣೆ ಜಿಡ್ಡನ್ನ ಸಿಂಕಿಗೆ ಬಿಡೋದು, ಸಣ್ಣ ಕಾರ್ಖಾನೆಗಳು ತೊಳೆದ ನೀರನ್ನ ರಾತ್ರಿ ಹೊತ್ತು ಬಿಡೋದು ಇನ್ನೊಂದು ಅಧ್ಯಾಯ. ಕೊಳಚೆಯನ್ನ ಸೂಕ್ಷ್ಮಜೀವಿಗಳು ತಿಂದು ಕರಗಿಸಬಹುದು. ಲೋಹದ ಅಂಶ, ಆ್ಯಸಿಡ್ಡು ಅವುಗಳ ಕೈಗೆ ಬಗ್ಗಲ್ಲ. ಉಲ್ಟಾ ಅವುಗಳನ್ನೇ ಕೊಲ್ಲುತ್ತೆ.

ಘಟಕ ಇಲ್ಲ ಅಂತ ಅಲ್ಲ. ಮೈಸೂರು ರಸ್ತೆ ಬದಿಯ ವೃಷಭಾವತಿ ಕಣಿವೆ ಘಟಕ 1974ರದ್ದು, ಊರಿನ ಅತ್ಯಂತ ಹಳೆಯ ಘಟಕಗಳಲ್ಲಿ ಒಂದು. ಅಂದರೆ ಕಾವೇರಿ ಮೊದಲ ಹಂತದ ನೀರು ಬಂದ ವರ್ಷವೇ ಕೊಳಚೆಗೂ ಒಂದು ದಾರಿ ಯೋಚನೆ ಮಾಡಿದ್ದರು. ಆಮೇಲೆ ನೀರು ತರೋ ವೇಗಕ್ಕೆ ಕೊಳಚೆ ಹಿಡಿಯೋ ವೇಗ ಸಾಟಿಯಾಗಲಿಲ್ಲ. ಘಟಕದ ತನಕ ಪೈಪಿನಲ್ಲಿ ಬಂದ ಕೊಳಚೆಯನ್ನಷ್ಟೇ ಘಟಕ ಶುದ್ಧ ಮಾಡಬಹುದು, ಕಾಲುವೆ ಹಿಡಿದು ಪಕ್ಕದಲ್ಲೇ ಹರಿದು ಹೋದದ್ದನ್ನ ಅಲ್ಲ.

ಬೈರಮಂಗಲದ ನೊರೆ, ಚುಂಚಿಯ ನೀರು

ಕೆಂಗೇರಿ ದಾಟಿ, ಬಿಡದಿ ಹತ್ತಿರ ಬೈರಮಂಗಲ ಕೆರೆ. ಹೊಲಕ್ಕೆ ನೀರು ಕೊಡಲಿ ಅಂತ 1940ರ ದಶಕದಲ್ಲಿ ವೃಷಭಾವತಿಗೆ ಕಟ್ಟಿದ್ದು. ಬೆಂಗಳೂರು ಬೆಳೆದ ಹಾಗೆ ಕೆರೆ ಕಪ್ಪಾಯಿತು, ಕೋಡಿಯಲ್ಲಿ ನೊರೆ ಬಂತು. ಸೋಪು, ಡಿಟರ್ಜೆಂಟಿನ ನೀರು ಎತ್ತರದಿಂದ ಬಿದ್ದು ಗಾಳಿ ಸೇರಿದರೆ ನೊರೆ ಏಳುತ್ತೆ, ಅಷ್ಟೇ ಅದರ ಗುಟ್ಟು. ಭತ್ತ ಬೆಳೀತಿದ್ದ ಅಚ್ಚುಕಟ್ಟಿನಲ್ಲಿ ಈಗ ಮೇವಿನ ಹುಲ್ಲು, ಬೇಬಿ ಕಾರ್ನ್, ಹಿಪ್ಪುನೇರಳೆ. ಆ ಮೇವು ತಿಂದ ಹಸುವಿನ ಹಾಲಿಗೆ ದೊಡ್ಡ ಮಾರ್ಕೆಟ್ಟು ಯಾವುದು ಅಂತ ಬಿಡಿಸಿ ಹೇಳಬೇಕಿಲ್ಲ.

ಅಲ್ಲಿಂದ ಕೆಳಗೆ ಕನಕಪುರ ತಾಲ್ಲೂಕಿನಲ್ಲಿ ವೃಷಭಾವತಿ ಅರ್ಕಾವತಿಯನ್ನ ಸೇರುತ್ತೆ. ನಂದಿ ಬೆಟ್ಟದಲ್ಲಿ ಹುಟ್ಟೋ ಅರ್ಕಾವತಿಯ ಸ್ವಂತ ನೀರು ಈಗ ಬಲು ಕಮ್ಮಿ. ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ಎರಡೂ ಒಂದು ಕಾಲಕ್ಕೆ ಬೆಂಗಳೂರಿಗೆ ನೀರು ಕೊಟ್ಟ ಜಲಾಶಯಗಳು, ಅವಕ್ಕೇ ಒಳಹರಿವು ಸೊರಗಿದೆ. ಬೇಸಿಗೆಯಲ್ಲಿ ಕನಕಪುರದ ಕೆಳಗೆ ಅರ್ಕಾವತಿ ಹರೀತಿದೆ ಅಂದರೆ ಅದರ ಬಹುಪಾಲು ಬೆಂಗಳೂರು ಬಳಸಿ ಬಿಟ್ಟದ್ದು.

ಇಲ್ಲೇ ಕಥೆ ಸ್ವಲ್ಪ ಗೋಜಲಾಗೋದು. ಚುಂಚಿ ಜಲಪಾತ ಇರೋದು ಈ ಅರ್ಕಾವತಿ ಮೇಲೆ. ಬಂಡೆಯಿಂದ ಬಂಡೆಗೆ ಹಾರಿ ಬೀಳೋ ನೀರು ನೋಡೋಕೆ ಚೆಂದ, ಫೋಟೋಗೆ ಇನ್ನೂ ಚೆಂದ. ಮಳೆಗಾಲದಲ್ಲಿ ಹೊಸ ನೀರು ಬೆರೆತು ಬಹಳಷ್ಟು ತಿಳಿಯಾಗಿರುತ್ತೆ. ಬಂಡೆಗಳ ಮೇಲೆ ಒಡೆದು ಗಾಳಿ ಸೇರೋದರಿಂದ ವಾಸನೆಯೂ ಕಡಿಮೆಯಾಗುತ್ತೆ. ಬೇಸಿಗೆಯಲ್ಲಿ ಹನಿ ಬಿದ್ದರೂ ಅದು ದೊಡ್ಡ ಮಟ್ಟಿಗೆ ರಾಜಾಜಿನಗರ, ವಿಜಯನಗರದ ಬಚ್ಚಲಿನ ಕೃಪೆ. ಕೊಳಚೆ ನೀರೇ ಇಲ್ಲದಿದ್ದರೆ ಅರ್ಧ ವರ್ಷ ಅಲ್ಲಿ ಬರೀ ಬಂಡೆ. ಆದ್ದರಿಂದ 'ಕೊಳಚೆ ನಿಲ್ಲಿಸಿ' ಅನ್ನೋ ಒಂದೇ ಘೋಷಣೆಯಿಂದ ಕೆಲಸ ಆಗಲ್ಲ. ನೀರು ಹರೀಬೇಕು, ಶುದ್ಧವಾಗಿ ಹರೀಬೇಕು. ಎರಡೂ ಸೇರಿದರೇ ಪ್ರವಾಸಿ ತಾಣ.

ಚುಂಚಿಯಿಂದ ಕೆಳಗೆ ಸಂಗಮ. ಬಸ್ಸು, ಕಾರು ನಿಲ್ಲೋ ದಡದಿಂದ ಮೇಕೆದಾಟು ಕಡೆಗೆ ಹೋಗೋಕೆ ಅರ್ಕಾವತಿಯನ್ನೇ ದಾಟಬೇಕು. ನೀರು ಕಮ್ಮಿ ಇದ್ದರೆ ನಡೆದು, ಜಾಸ್ತಿ ಇದ್ದರೆ ತೆಪ್ಪದಲ್ಲಿ. ಆಚೆ ದಡದಿಂದ ನಾಲ್ಕು ಕಿಲೋಮೀಟರ್ ಹಳೇ ಬಸ್ಸಿನಲ್ಲಿ ಕುಲುಕಿಕೊಂಡು ಹೋದರೆ ಮೇಕೆದಾಟು. ಅಗಲವಾಗಿ ಬಂದ ಕಾವೇರಿ ಅಲ್ಲಿ ಕೆಲವೇ ಮೀಟರ್ ಅಗಲದ ಕಲ್ಲಿನ ಸಂದಿಗೆ ಇಳಿದು ಹೋಗುತ್ತೆ. ಮೇಕೆ ಹಾರಿ ದಾಟಿತು ಅನ್ನೋ ಕಥೆ ನಂಬಿ ಅಂಚಿಗೆ ಹೋಗೋರು ಇನ್ನೂ ಇದ್ದಾರೆ. ಜೀವ ಕಳಕೊಂಡವರ ಸುದ್ದಿ ಪ್ರತಿ ವರ್ಷ ಬರುತ್ತೆ. ಬಂಡೆ ಜಾರುತ್ತೆ, ಕೆಳಗೆ ಸುಳಿ ಇದೆ, ಕೆಆರ್‌ಎಸ್ ಮತ್ತು ಕಬಿನಿಯಿಂದ ಹೆಚ್ಚು ನೀರು ಬಿಟ್ಟ ದಿನ ಪ್ರವೇಶವನ್ನೇ ಬಂದ್ ಮಾಡ್ತಾರೆ. ಹೊರಡೋ ಮುಂಚೆ ಅದನ್ನ ವಿಚಾರಿಸಿಕೊಂಡರೆ ಡೀಸೆಲ್ ಉಳಿಯುತ್ತೆ.

ಸಂಗಮದಲ್ಲಿ ಮೀನು ಕರಿಯೋರು, ಸೌತೆಕಾಯಿ ಮಾರೋರು, ತೆಪ್ಪ ಹಾಕೋರು ಎಲ್ಲರ ಹೊಟ್ಟೆ ನಡೆಯೋದು ಬೆಂಗಳೂರಿನ ಭಾನುವಾರದಿಂದ. ಬೆಂಗಳೂರಿನಿಂದ ಅವರಿಗೆ ಎರಡು ಸಾಮಾನು ಬರುತ್ತೆ, ಗಿರಾಕಿ ಮತ್ತು ಕೊಳಚೆ. ಗಿರಾಕಿ ವಾರಕ್ಕೆ ಎರಡು ದಿನ, ಕೊಳಚೆ ಏಳೂ ದಿನ. ನೀರು ವಾಸನೆ ಬಂತು ಅಂತ ಮೊಬೈಲಿನಲ್ಲಿ ಯಾರೋ ಒಬ್ಬರು ವಿಡಿಯೋ ಹಾಕಿದರೆ ಸಾಕು, ಮುಂದಿನ ವಾರದ ವ್ಯಾಪಾರಕ್ಕೆ ಹೊಡೆತ. ತಪ್ಪು ಅವರದ್ದಲ್ಲ, ನಷ್ಟ ಮಾತ್ರ ಅವರದ್ದು.

ಅಣೆಕಟ್ಟು ಬಂದರೆ?

ಈಗ ಮೇಕೆದಾಟು ಯೋಜನೆ ವಿಷಯ. 67.16 ಟಿಎಂಸಿ ನೀರು ಹಿಡಿಯೋ ಸಮತೋಲನ ಜಲಾಶಯ, 400 ಮೆಗಾವಾಟ್ ವಿದ್ಯುತ್, ಬೆಂಗಳೂರಿಗೆ ಕುಡಿಯುವ ನೀರು. ಇದು ರಾಜ್ಯದ ಪ್ರಸ್ತಾವ. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿನ ಕುಡಿಯುವ ನೀರಿಗೆ ಅಂತ 4.75 ಟಿಎಂಸಿ ಹೆಚ್ಚುವರಿ ಕೊಟ್ಟಿದ್ದು ಇದಕ್ಕೆ ಬಲ. 2022ರ ಜನವರಿಯಲ್ಲಿ ಕಾಂಗ್ರೆಸ್ ಇದೇ ಸಂಗಮದಿಂದ ಪಾದಯಾತ್ರೆ ಶುರು ಮಾಡಿತ್ತು. ಕೇಂದ್ರ ಜಲ ಆಯೋಗ, ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ, ಪರಿಸರ ಮತ್ತು ಅರಣ್ಯ ಅನುಮತಿ ಎಲ್ಲ ಮುಗಿಯೋಕೆ ದಾರಿ ಉದ್ದ ಇದೆ. ಮುಳುಗೋ ಜಾಗ ಸುಮಾರು 5 ಸಾವಿರ ಹೆಕ್ಟೇರ್, ಬಹುಪಾಲು ಕಾವೇರಿ ವನ್ಯಜೀವಿ ಧಾಮದ ಕಾಡು. ಸಂಗಮವೂ ಅದರಲ್ಲಿ ಸೇರುತ್ತೆ. ಇವತ್ತು ಕಾಲು ಇಳಿಸೋ ಜಾಗ, ಮೀನಿನ ಅಂಗಡಿ, ಹಳೇ ಬಸ್ಸಿನ ದಾರಿ ಎಲ್ಲ ನೀರಿನ ಕೆಳಗೆ.

ಕಾಡು, ಆನೆ ದಾರಿ, ತಮಿಳುನಾಡಿನ ಪಾಲು, ಇವುಗಳ ಬಗ್ಗೆ ಚರ್ಚೆ ನಡೆದಿದೆ, ನಡೀಬೇಕು. ರಾಜಾಜಿನಗರದ ಓದುಗರಿಗೆ ಹತ್ತಿರದ ಪ್ರಶ್ನೆ ಬೇರೆ. ಅಣೆಕಟ್ಟು ಬರೋದು ಅರ್ಕಾವತಿ ಕಾವೇರಿಗೆ ಸೇರಿದ ಮೇಲೆ, ಅದರ ಕೆಳಗೆ. ಅಂದರೆ ವೃಷಭಾವತಿ ಹೊತ್ತು ತಂದದ್ದೆಲ್ಲ ಆ ಜಲಾಶಯಕ್ಕೇ. ಈಗ ಹರಿಯೋ ನದಿ, ಕಮರಿಯಲ್ಲಿ ನುಗ್ಗಿ ಮುಂದೆ ಹೋಗುತ್ತೆ. ನಾಳೆ ನಿಂತ ನೀರು. ನಿಂತ ನೀರಲ್ಲಿ ಸಾರಜನಕ, ರಂಜಕ ಸೇರಿದರೆ ಪಾಚಿ ಬೆಳೆಯುತ್ತೆ ಅನ್ನೋದಕ್ಕೆ ಬೈರಮಂಗಲಕ್ಕಿಂತ ಬೇರೆ ಸಾಕ್ಷಿ ಬೇಡ. ಕಾವೇರಿಯ ನೀರು ಹೆಚ್ಚಿರೋದರಿಂದ ಬೆರೆತು ತಿಳಿಯಾಗುತ್ತೆ ಅನ್ನೋದು ನಿಜವೇ, ಮಳೆಗಾಲದಲ್ಲಿ. ಮಳೆ ಕೈಕೊಟ್ಟ ವರ್ಷದಲ್ಲಿ ಕಾವೇರಿ ಸೊರಗುತ್ತೆ, ಕೊಳಚೆ ಸೊರಗಲ್ಲ. ಬೆಂಗಳೂರಿಗೆ ಹೆಚ್ಚು ನೀರು ಬೇಕಾಗೋದೂ ಅಂಥ ವರ್ಷದಲ್ಲೇ. ರಾಜಾಜಿನಗರದಲ್ಲಿ ಇವತ್ತು ಬಿಟ್ಟದ್ದು, ಆಗ ಮತ್ತೆ ಪಂಪಾಗಿ ರಾಜಾಜಿನಗರದ ಸಂಪಿಗೇ ಬರುತ್ತೆ.

ಇದರ ಜೊತೆ ಇನ್ನೊಂದು ಯೋಜನೆಯೂ ನಡೀತಿದೆ. ವೃಷಭಾವತಿ ಕಣಿವೆಯ ಸಂಸ್ಕರಿಸಿದ ನೀರನ್ನ ದಿನಕ್ಕೆ 24.3 ಕೋಟಿ ಲೀಟರ್‌ನಷ್ಟು ಎತ್ತಿ, ನೆಲಮಂಗಲ, ತುಮಕೂರು ಕಡೆಯ ಸುಮಾರು 70 ಕೆರೆ ತುಂಬಿಸೋದು. ಒಣ ಕೆರೆಗೆ ನೀರು ಬರೋದನ್ನ ಯಾರೂ ಬೇಡ ಅನ್ನಲ್ಲ. ಆದರೆ ಲೆಕ್ಕ ನೋಡಿ. ಶುದ್ಧ ಮಾಡಿದ ಪಾಲು ಉತ್ತರಕ್ಕೆ ಹೋಗುತ್ತೆ. ಪೈಪಿಗೆ ಸಿಗದೆ ಕಾಲುವೆಗೆ ತಪ್ಪಿಸಿಕೊಂಡ ಪಾಲು ಎಂದಿನ ಹಾಗೆ ದಕ್ಷಿಣಕ್ಕೆ, ಬೈರಮಂಗಲ, ಚುಂಚಿ, ಸಂಗಮದ ಕಡೆಗೆ. ಇಷ್ಟು ದಿನ ಸಂಸ್ಕರಿಸಿದ ನೀರು ಬೆರೆತು ಕೊಳಚೆಯ ಖಾರ ಸ್ವಲ್ಪ ಇಳೀತಿತ್ತು. ಅದನ್ನೂ ತೆಗೆದರೆ ಕೆಳಗಿನವರ ಪಾಲಿಗೆ ಉಳಿಯೋದು ಗಟ್ಟಿ ಸಾರು. ಕಾಲುವೆಯ ಕೊಳಚೆಯನ್ನ ಮೊದಲು ಹಿಡಿದು, ಆಮೇಲೆ ನೀರು ಎತ್ತಿದರೆ ಈ ತೊಂದರೆ ಇರಲ್ಲ. ಆದರೆ ಮೊದಲನೇದು ಕಷ್ಟದ, ಕಣ್ಣಿಗೆ ಕಾಣದ ಕೆಲಸ. ಎರಡನೇದಕ್ಕೆ ಬಾಗಿನ ಬಿಡಬಹುದು.

ಕಮರಿ ದಾಟಿದ ಕಾವೇರಿ ಮುಂದೆ ಗಡಿಯಲ್ಲಿ ಹೊಗೇನಕಲ್‌ಗೆ ಹೋಗುತ್ತೆ. ಹೊಗೆಯ ಹಾಗೆ ಹನಿ ಏಳೋ ಕಲ್ಲು, ಹೆಸರೇ ಕನ್ನಡದ್ದು. ತೆಪ್ಪದ ಸವಾರಿ, ಮೀನಿನ ಊಟಕ್ಕೆ ಬೆಂಗಳೂರಿನ ಟಿಟಿಗಳು ಅಲ್ಲಿಗೂ ಹೋಗ್ತವೆ. 2013ರಿಂದ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಕುಡಿಯುವ ನೀರು ಹೋಗ್ತಿರೋದು ಅಲ್ಲಿಂದಲೇ. ಕಾವೇರಿ, ದಕ್ಷಿಣ ಪಿನಾಕಿನಿಗೆ ಕರ್ನಾಟಕ ಕೊಳಚೆ ಬಿಡ್ತಿದೆ ಅಂತ ತಮಿಳುನಾಡು 2015ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ನೀರಿನ ಪಾಲಿನ ಜಗಳದಲ್ಲಿ ಕರ್ನಾಟಕದ ವಾದ ಗಟ್ಟಿ ಇರಬಹುದು, ಈ ವಿಷಯದಲ್ಲಿ ಹೇಳೋಕೆ ಹೆಚ್ಚೇನೂ ಇಲ್ಲ.

ವಾರ್ಡ್ ಮಟ್ಟದಲ್ಲಿ ಏನಾಗಬಹುದು

ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆಗಳಾಗಿವೆ. ರಾಜಾಜಿನಗರ ಪಶ್ಚಿಮ ಪಾಲಿಕೆಗೆ ಬಂದಿದೆ. ರಾಜಕಾಲುವೆ ಒಬ್ಬರ ಕೈಯಲ್ಲಿ, ಒಳಚರಂಡಿ ಜಲಮಂಡಳಿ ಕೈಯಲ್ಲಿ, ಕಾರ್ಖಾನೆಯ ನೀರು ಮಾಲಿನ್ಯ ನಿಯಂತ್ರಣ ಮಂಡಳಿ ಕೈಯಲ್ಲಿ. ಸಂಗಮ ಇರೋದು ಹಿಂದೆ ರಾಮನಗರ ಆಗಿದ್ದ ಈಗಿನ ಬೆಂಗಳೂರು ದಕ್ಷಿಣ ಜಿಲ್ಲೆಯಲ್ಲಿ, ಪ್ರವಾಸೋದ್ಯಮದ ಹಣ ಇನ್ನೊಂದು ಇಲಾಖೆಯಿಂದ. ಚುಂಚಿಯಲ್ಲಿ ಮೆಟ್ಟಿಲು, ರೇಲಿಂಗು, ವೀಕ್ಷಣಾ ಗೋಪುರ ಎಷ್ಟು ಕಟ್ಟಿದರೂ ಬೀಳೋ ನೀರು ಬರೋದು ಇನ್ನೊಂದು ಪಾಲಿಕೆಯ ಕಾಲುವೆಯಿಂದ. ಈ ಐದೂ ಕಚೇರಿಯವರನ್ನ ಒಂದು ಟಿಟಿಯಲ್ಲಿ ಕೂರಿಸಿ, ನವರಂಗಿನಿಂದ ಸಂಗಮದ ತನಕ ಗ್ಲಾಸು ಇಳಿಸಿಕೊಂಡು ಕರಕೊಂಡು ಹೋಗಬೇಕು ಅನ್ನೋದು ಅರ್ಧ ತಮಾಷೆ ಮಾತ್ರ.

ಅಂಗಡಿಯವರ ಕೈಯಲ್ಲಿ ಇರೋದು ಸಣ್ಣದು, ಆದರೆ ಇದೆ. ಕಟ್ಟಡದ ಬಚ್ಚಲು, ಟಾಯ್ಲೆಟ್ಟಿನ ಪೈಪು ನಿಜಕ್ಕೂ ಒಳಚರಂಡಿಗೆ ಹೋಗಿದೆಯಾ ಅಂತ ಮಾಲೀಕರನ್ನ ಕೇಳಬಹುದು. ಬಾಡಿಗೆಗೆ ಇರೋ ಎಷ್ಟೋ ಜನಕ್ಕೆ ಇದು ಗೊತ್ತೇ ಇರಲ್ಲ. ಹೋಟೆಲು, ಬೇಕರಿಯವರು ಸಿಂಕಿನ ಕೆಳಗೆ ಜಿಡ್ಡು ಹಿಡಿಯೋ ಡಬ್ಬ ಇಟ್ಟು ವಾರಕ್ಕೊಮ್ಮೆ ತೆಗೆಸಿದರೆ ಪೈಪು ಕಟ್ಟೋದು ಅರ್ಧ ತಪ್ಪುತ್ತೆ, ಅದು ಅವರ ಖರ್ಚಿಗೂ ಒಳ್ಳೇದು. ಮಳೆ ಬಂದಾಗ ಮ್ಯಾನ್‌ಹೋಲ್ ಮುಚ್ಚಳ ಎತ್ತೋದು ನಿಲ್ಲಬೇಕು. ಒಳಚರಂಡಿ ಉಕ್ಕಿದರೆ, ಪೈಪು ಒಡೆದು ಕಾಲುವೆಗೆ ಬೀಳ್ತಿದ್ದರೆ ಜಲಮಂಡಳಿಯ 1916ಕ್ಕೆ ದೂರು ಕೊಟ್ಟು ದೂರಿನ ನಂಬರ್ ಬರೆದಿಟ್ಟುಕೊಳ್ಳಬೇಕು. ಬಾಯಿ ಮಾತಿನ ದೂರು ಕಾಲುವೆಯ ನೀರಿನ ಹಾಗೆ, ಮುಂದಿನ ಬೀದಿಗೆ ಹೋದರೆ ಯಾರದ್ದು ಅಂತ ಗೊತ್ತಾಗಲ್ಲ.